ಗಿರಣಿ ತೋಟಪ್ಪನ ಒಕ್ಕೂಟ

ಬುಕ್ಕಸಾಗರ
೨೬ ಮೇ ೨೦೦೭, ಶನಿವಾರ

ಸ್ಫೂರ್ತಿಯ ಅಪ್ಪನಿಗೆ ತ್ರಿವೇಣಿಯ ನಮಸ್ಕಾರ.

ನಾವಿಲ್ಲಿ ಕ್ಷೇಮ ಎಂದು ಬರೆದು ಆಮೇಲೆ ಜಗಳ ತೆಗೆಯುವುದು ನಮ್ಮ ಮಂದಿಯ ಪದ್ಧತಿ. ನಾನು ಇವತ್ತು ಜಗಳ ತೆಗೆಯುವುದಿಲ್ಲ, ಆದ್ದರಿಂದ ಕ್ಷೇಮ ಅನ್ನುವುದನ್ನು ನೀವು ನಂಬಬಹುದು. ನಿಮ್ಮ ಮಗಳು ದಿನವೂ ನಮ್ಮಣ್ಣನ ಬಾಳೆತೋಟದಲ್ಲಿ ಬಿದ್ದು ಎದ್ದು ಮೈಯೆಲ್ಲ ಕರೇ ಮಣ್ಣು ಮಾಡಿಕೊಂಡು ಬರುತ್ತಾಳೆ. ನಮ್ಮೂರ ಲಾರಿಗಳ ಕೆಂಪು ಧೂಳಲ್ಲವಲ್ಲ ಎಂದು ನಾನು ಬೈಯದೆ ಸ್ನಾನ ಮಾಡಿಸುತ್ತೇನೆ. ಇಲ್ಲಿಗೆ ಬಂದ ಮೇಲೆ ಅವಳ ಕೆಮ್ಮು ನಿಂತಿದೆ.

ಫೋನಿದೆಯಲ್ಲ, ಪತ್ರ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನೀವು ‘ಹೂಂ’ ಅನ್ನುತ್ತೀರಿ, ಹಿಂದೆ ಯಾವುದೋ ಲಾರಿ ಹಾರ್ನ್ ಹೊಡೆಯುತ್ತದೆ, ‘ಆಮ್ಯಾಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತೀರಿ. ಆ ‘ಆಮ್ಯಾಲೆ’ ಬಂದದ್ದನ್ನು ನಾನಂತೂ ನೋಡಿಲ್ಲ. ಪತ್ರ ಓದುವವರು ನಡುವೆ ಬಾಯಿ ಹಾಕುವಂತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾಳೆ ಭಾನುವಾರ ಮಾವ ಹೊಸಪೇಟೆಗೆ, ನಿಮ್ಮ ಆಫೀಸಿಗೆ ಬರುತ್ತಾರೆ. ಬೇರೆಯವರ ಮನೆಯಲ್ಲಿ ಅಪ್ಪ ಮಗನನ್ನು ನೋಡಲು ಹೋದರೆ ಅದು ಸುದ್ದಿಯಲ್ಲ. ನಮ್ಮ ಮನೆಯಲ್ಲಿ ಹೊಳೆ ಹಿಂದಕ್ಕೆ ಹರಿದಷ್ಟು ದೊಡ್ಡ ಸುದ್ದಿ.

ನಾನು ಮದುವೆಯಾಗಿ ಪಾಪಿನಾಯಕನಹಳ್ಳಿಗೆ ಬಂದ ಹೊಸದರಲ್ಲಿ ನಿಮ್ಮಿಬ್ಬರಿಗೂ ಕಿವಿ ಮಂದ ಅಂದುಕೊಂಡಿದ್ದೆ. ಒಂದೇ ಪಡಸಾಲೆಯಲ್ಲಿ ಅಪ್ಪ ಒಂದು ಗೋಡೆಗೆ, ಮಗ ಒಂದು ಗೋಡೆಗೆ ಒರಗಿ ಕೂತಿರುತ್ತಿದ್ದಿರಿ. ಮಾವ ನನ್ನ ಕಡೆ ನೋಡಿ, “ಅವಗ ಹೇಳವ್ವ, ಬೋರಿನ ಮೋಟಾರು ಸುಟ್ಟೈತಿ” ಅನ್ನುತ್ತಿದ್ದರು. ನೀವೂ ನನ್ನ ಕಡೆಯೇ ನೋಡಿ, “ರಿಪೇರಿಗೆ ಕೊಟ್ಟೀನಿ ಅಂತ ಹೇಳು” ಅನ್ನುತ್ತಿದ್ದಿರಿ. ನಾನು ನಡುವೆ ಜೋಳ ಹಸನು ಮಾಡುತ್ತಾ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿದ್ದೆ. ಅತ್ತೆ ಹಂಪಮ್ಮನವರು ಇದ್ದಾಗ ಈ ಟಪಾಲು ಕೆಲಸ ಅವರದಾಗಿತ್ತಂತೆ. ಅವರು ತೀರಿಕೊಂಡ ಮೇಲೆ, ನಾನು ಬರುವ ತನಕ, ಆ ಮನೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಿರೋ ಆ ವಿರೂಪಾಕ್ಷನೇ ಬಲ್ಲ.

ಆದರೆ ಅದೇ ಮಾವ ಗಿರಣಿಯಲ್ಲಿ ಕೂತರೆ ಬೇರೆಯೇ ಮನುಷ್ಯ. ಜೋಳ, ಗೋಧಿ ಬೀಸಿಸಲು ಬಂದವರ ಮುಂದೆ ಅವರ ಮಾತಿಗೆ ತಡೆಯಿರುತ್ತಿರಲಿಲ್ಲ. ಅದರಲ್ಲೂ ಕರೆಂಟು ಹೋಯಿತೋ, ಸರದಾರ ಪಟೇಲರ ಕಥೆ ಶುರು. ಬೆಲ್ಟಿನ ಮೇಲ್ಗಡೆ ಗೋಡೆಗೆ ಹಾಕಿದ ಆ ಫೋಟೋ ನಿಮಗೆ ನೋಡಿ ನೋಡಿ ಸಾಕಾಗಿರಬೇಕು. ಬೋಳು ತಲೆ, ಹೆಗಲ ಮೇಲೆ ಹೊದಿಕೆ, ಬಿಗಿದ ತುಟಿ, ಹಿಟ್ಟು ಹಾರಿ ಹಾರಿ ಬೆಳ್ಳಗಾದ ಹುಬ್ಬು. ಯಾವುದೋ ಮಠದ ಅಜ್ಜನವರು ಎಂದು ತಿಳಿದು ಹೆಂಗಸರು ಕೈಮುಗಿಯುತ್ತಿದ್ದರು. ಹಿಂದಿನ ಓಣಿಯ ತಾಯಕ್ಕ ಒಂದು ದಿನ ಕುಂಕುಮವನ್ನೇ ಹಚ್ಚಿಬಿಟ್ಟಿದ್ದಳು. ಇವರು ಯಾವ ಮಠದವರ್ರಿ ಎಂದು ಅವಳು ಕೇಳಿದ್ದಕ್ಕೆ ಮಾವ, “ಎಲ್ಲಾ ಮಠದವ್ರನ್ನೂ ಒಂದ ಪಂಕ್ತ್ಯಾಗ ಕೂಡ್ರಿಸಿದವ್ರು” ಅಂದರು. ಕುಂಕುಮವನ್ನು ಮಾತ್ರ ಒರೆಸಲಿಲ್ಲ.

ಆ ಕಥೆಗಳನ್ನು ನಾನು ಹಿಟ್ಟಿನ ಡಬ್ಬಿ ಹಿಡಿದು ನಿಂತುಕೊಂಡೇ ಕಲಿತೆ. ಗುಜರಾತಿನ ರೈತನ ಮಗ, ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದವನು. ಕ್ಲಬ್ಬಿನಲ್ಲಿ ಕೂತು ಇಸ್ಪೀಟು ಆಡುತ್ತಾ ಗಾಂಧೀಜಿಯ ಮಾತಿಗೆ ನಕ್ಕವನು ಆಮೇಲೆ ಸೂಟು ಬೂಟು ಬಿಟ್ಟು ಅದೇ ಗಾಂಧೀಜಿಯ ಹಿಂದೆ ನಡೆದ. ಬಾರ್ಡೋಲಿಯಲ್ಲಿ ಸರ್ಕಾರ ಕಂದಾಯ ಏರಿಸಿದಾಗ ರೈತರ ಜೊತೆ ನಿಂತು ಆ ಸರ್ಕಾರವನ್ನೇ ಬಗ್ಗಿಸಿದ. ಸರದಾರ ಎಂಬ ಹೆಸರು ಅಲ್ಲಿಯ ಜನ ಕೊಟ್ಟದ್ದು, ಯಾವ ದೊರೆಯೂ ಕೊಟ್ಟದ್ದಲ್ಲ. ಇಂಗ್ಲಿಷರು ಹೋಗುವಾಗ ದೇಶದ ತುಂಬ ಐನೂರಕ್ಕೂ ಮೇಲೆ ಸಂಸ್ಥಾನಗಳು. ನಮ್ಮ ಪಕ್ಕದ ಸಂಡೂರೂ ಅಂಥದೊಂದು ಸಂಸ್ಥಾನವೇ. ಆ ರಾಜರ ಹತ್ತಿರ ಸರದಾರ ಮೊದಲಿಗೆ ಕೇಳಿದ್ದು ಮೂರೇ ವಿಷಯ: ರಕ್ಷಣೆ, ಪರದೇಶದ ವ್ಯವಹಾರ, ಸಂಪರ್ಕ. ಉಳಿದದ್ದೆಲ್ಲ ನಿಮ್ಮದೇ ಇರಲಿ ಎಂದ. ಊಟಕ್ಕೆ ಕರೆದ, ಮನೆ ಬಾಗಿಲಿಗೆ ತನ್ನ ಕಾರ್ಯದರ್ಶಿಯನ್ನು ಕಳಿಸಿದ, ಒಬ್ಬೊಬ್ಬರನ್ನೇ ಒಪ್ಪಿಸಿದ. “ಜೋಳ ಒಂದೊಂದ ಕಾಳೇ ಇರ್ತೈತಿ. ಹಿಟ್ಟು ಮಾಡಿ ನಾದಿದ್ರ ರೊಟ್ಟಿ” ಎಂದು ಮಾವ ಹೇಳುವಾಗ ಕರೆಂಟು ಬರುತ್ತಿತ್ತು, ಹೆಂಗಸರು ಬದುಕಿದೆವು ಎಂದು ಡಬ್ಬಿ ಮುಂದೆ ಮಾಡುತ್ತಿದ್ದರು.

ಇಲ್ಲಿ ಹೊಳೆದಂಡೆಯಲ್ಲಿ ಕೂತಾಗ ಅವರ ಇನ್ನೊಂದು ಮಾತು ನೆನಪಾಗುತ್ತದೆ. ಮಾವ ಹುಟ್ಟಿದ್ದು ಆಚೆ ದಂಡೆಯ ಹಳ್ಳಿಯಲ್ಲಿ. ಆಗ ಹೊಳೆಯ ಈಚೆ ಮದ್ರಾಸಿನ ಆಡಳಿತ, ಆಚೆ ನಿಜಾಮನ ರಾಜ್ಯ. ದೇಶಕ್ಕೆ ಬಂದ ಸ್ವಾತಂತ್ರ್ಯ ಹೊಳೆ ದಾಟಲಿಲ್ಲ. ರಜಾಕಾರರ ಹಾವಳಿ ಹೆಚ್ಚಾದಾಗ ಅವರ ಅವ್ವ ಅವರನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು ಕಂಪ್ಲಿಗೆ ಬಂದು ಯಾರದೋ ದನದ ಕೊಟ್ಟಿಗೆಯಲ್ಲಿ ಉಳಿದರು. ದಂಡೆಗೆ ಬಂದು ನಿಂತರೆ ಆಚೆಗೆ ತಮ್ಮೂರ ಬೇವಿನ ಮರ ಕಾಣುತ್ತಿತ್ತಂತೆ, ಹೋಗುವಂತಿರಲಿಲ್ಲ. ಸರದಾರರು ಸೈನ್ಯ ಕಳಿಸಿ ಹೈದರಾಬಾದು ದೇಶಕ್ಕೆ ಸೇರಿದ ಮೇಲೆ ಅದೇ ಹರಿಗೋಲಿನಲ್ಲಿ ತಿರುಗಿ ಹೋದರು. “ಬರಾಗ ನಾವು ದಾಟಿದ್ದು ಗಡಿ. ಹೋಗಾಗ ದಾಟಿದ್ದು ಬರೇ ಹೊಳಿ” ಅನ್ನುತ್ತಾರೆ. ಆಮೇಲೆ ಆಚೆ ದಂಡೆಯ ಬಡ ಸಾಬರ ಮನೆಗಳೂ ಕಷ್ಟಪಟ್ಟವು ಎಂಬುದನ್ನೂ ಅವರು ಮುಚ್ಚಿಡುವುದಿಲ್ಲ. ಸೋದರಮಾವನ ಗಿರಣಿ ನೋಡಿಕೊಳ್ಳಲೆಂದು ಪಾಪಿನಾಯಕನಹಳ್ಳಿಗೆ ಬಂದದ್ದು ಅದಕ್ಕೂ ಎಷ್ಟೋ ವರ್ಷದ ಮೇಲೆ. ಒಬ್ಬ ಮನುಷ್ಯ ದಿಲ್ಲಿಯಲ್ಲಿ ಕೂತು ಮಾಡಿದ ಕೆಲಸದಿಂದ ಒಂದು ಮಗು ತನ್ನ ಮನೆಗೆ ಹೋಗುವಂತಾಯಿತು. ಆ ಮಗು ಮುದುಕನಾದ ಮೇಲೂ ಅದನ್ನು ಮರೆಯಲಿಲ್ಲ. ಇದನ್ನು ಹುಚ್ಚು ಎಂದು ನಾನೂ ನಕ್ಕವಳೇ, ಈಗ ನಗುವುದಿಲ್ಲ.

ಇನ್ನು ನಮ್ಮ ರಸ್ತೆಯ ಮಾತು. ನಮ್ಮ ಗುಡ್ಡದ ಕಬ್ಬಿಣದ ಅದಿರಿನ ಮಣ್ಣಿಗೆ ಚೀನಾದಲ್ಲಿ ಬೆಲೆ ಬಂತು, ಎತ್ತು ಮಾರಿದವರೆಲ್ಲ ಟಿಪ್ಪರ್ ತಂದರು. ನೀವೂ ತಂದಿರಿ. ನಾನು ಬೇಡ ಅನ್ನಲಿಲ್ಲ, ಆ ದುಡ್ಡಿನ ಫ್ರಿಜ್ಜಿನಲ್ಲಿ ತಣ್ಣಗಿನ ನೀರು ಕುಡಿದವಳು ನಾನೇ. ಊರಿಗೊಂದು, ಕೇರಿಗೊಂದು, ತಾಂಡಾಕ್ಕೊಂದು ಲಾರಿ ಸಂಘವಾಯಿತು. ಸಂಘಕ್ಕೊಂದು ಬಿದಿರಿನ ಗೇಟು, ಗೇಟಿಗೊಬ್ಬ ಅಧ್ಯಕ್ಷ. ಇವರ ಲಾರಿ ಅವರು ಬಿಡರು, ಅವರದನ್ನು ಇವರು ಬಿಡರು, ಮಕ್ಕಳು ಮಾತ್ರ ಎಲ್ಲರ ಲಾರಿಯ ನಡುವೆ ಶಾಲೆಗೆ ಹೋಗಬೇಕು. ಸಂಕ್ರಾಂತಿ ಆದ ಮೇಲೆ ಸುಂಕಮ್ಮನ ಮಗಳಿಗೆ ಲಾರಿ ತಾಗಿ ಕಾಲು ಮುರಿಯಿತು. ಸ್ಫೂರ್ತಿಯ ಜೊತೆಯೇ ನಡೆಯುತ್ತಿದ್ದ ಹುಡುಗಿ. ಯಾರ ಲಾರಿ ಎಂಬುದು ಧೂಳಿನಲ್ಲಿ ಯಾರಿಗೂ ಕಾಣಲಿಲ್ಲ.

ಆ ವಾರವೇ ಮಾವ ಗಿರಣಿಗೆ ಬೀಗ ಹಾಕಿ ವೀಳ್ಯದೆಲೆ ಅಡಿಕೆ ಹಿಡಿದು ಹೊರಟರು. ನಮ್ಮಲ್ಲಿ ಮದುವೆಗೆ ಕರೆಯಲು, ನ್ಯಾಯಕ್ಕೆ ಕರೆಯಲು ಹೇಗೆ ವೀಳ್ಯ ಕೊಡುತ್ತಾರೋ ಹಾಗೆ ಪ್ರತಿ ಲಾರಿ ಮಾಲೀಕನ ಮನೆಗೆ ಹೋಗಿ, ಮುಂದೆ ವೀಳ್ಯ ಇಟ್ಟು ಮೂರೇ ಮಾತು ಕೇಳಿದರು. ಬೆಳಿಗ್ಗೆ ಶಾಲೆ ಕೂಡುವ ಹೊತ್ತಿಗೆ ಒಂದು ತಾಸು ಲಾರಿ ನಿಲ್ಲಬೇಕು. ಸಂಜೆ ಶಾಲೆ ಬಿಡುವಾಗ ಒಂದು ತಾಸು ನಿಲ್ಲಬೇಕು. ಲೋಡಿನ ಮೇಲೆ ತಾಡಪತ್ರಿ ಹೊದಿಸಬೇಕು. ಉಳಿದದ್ದು, ನಿಮ್ಮ ಗೇಟು, ನಿಮ್ಮ ಟ್ರಿಪ್ಪು, ನಿಮ್ಮ ಜಗಳ, ಎಲ್ಲ ನಿಮ್ಮದೇ. ಒಪ್ಪಿದವರು ವೀಳ್ಯ ಎತ್ತಿಕೊಳ್ಳಬೇಕು.

ಮೇಲಿನ ಕೇರಿಯ ಅಂದಾನಪ್ಪ ಸುಲಭಕ್ಕೆ ಬಗ್ಗುವವನೇ? ರಸ್ತೆಗೆ ಬೋರ್ಡು ಹಾಕಿದರೆ ತನ್ನ ಹೆಸರೇ ಮೇಲಿರಬೇಕು ಎಂದ. “ಇರ್ಲಿ, ಸರದಾರನೂ ರಾಜರ ಪದವಿ ಕಸಗೊಳ್ಳಲಿಲ್ಲ” ಎಂದು ಮಾವ ಒಪ್ಪಿ ಬಂದರು. ಬಿಸಿಲಲ್ಲಿ ನಡೆದು ನಡೆದು ಕಾಲು ಬಾತಿತ್ತು. ರಾತ್ರಿ ಎಣ್ಣೆ ಹಚ್ಚುತ್ತಾ ನಾನು, ಸಾಕು ಬಿಡಿ ಮಾವ ಅಂದರೆ, ಎರಡನೆಯ ಕಾಲನ್ನೂ ಮುಂದೆ ಮಾಡಿ ನಾಳೆ ಯಾರ ಮನೆ ಎಂದು ಲೆಕ್ಕ ಹಾಕುತ್ತಿದ್ದರು. ನನಗೆ ಆ ದಿನಗಳಲ್ಲಿ ಅವರ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಇಂಥ ಮನೆಗೆ ಸೊಸೆಯಾದೆನಲ್ಲ ಎಂದು ಒಬ್ಬಳೇ ಹಿಗ್ಗಿದೆ.

ಎಡವಿದ್ದು ಕರೆಮ್ಮನ ಮನೆಯಲ್ಲಿ. ಗಂಡ ಸತ್ತ ಮೇಲೆ ಎರಡು ಲಾರಿಯನ್ನು ತಾನೇ ನಡೆಸುತ್ತಿರುವ ಗಟ್ಟಿಗಿತ್ತಿ. ರೊಟ್ಟಿ, ಪುಂಡಿಪಲ್ಯ ಬಡಿಸಿ, ಎದುರಿಗೆ ಕೂತು, ನನ್ನ ಲಾರಿ ನಿಂತಾಗ ನಿಮ್ಮ ಮಗನದು ಓಡಿದರೆ ಏನು ಮಾಡಲ್ರಿ ಯಜಮಾನ್ರ ಎಂದು ಕೇಳಿದಳಂತೆ. ಮಾವ ರೊಟ್ಟಿ ಮುರಿಯುತ್ತಾ, “ನನ್ನ ಮಗನ ಹೆಸರು ಮೊದ್ಲು ಬರಕೊಳ್ರಿ” ಅಂದುಬಿಟ್ಟರು. ಅವರಿಗೆ ಅದು ಕೊಡಬೇಕಾದ ಮಾತು ಎಂದೇ ಅನ್ನಿಸಲಿಲ್ಲ. ತನ್ನ ಅಂಗಿಯ ಜೇಬಿನಲ್ಲಿ ಏನಿದೆ ಎಂದು ಯಾರಾದರೂ ಅಂಗಿಯನ್ನು ಕೇಳುತ್ತಾರೆಯೇ?

ಆಂಜನೇಯನ ಗುಡಿಕಟ್ಟೆಯ ಸಭೆಯಲ್ಲಿ ಎಲ್ಲರ ಮುಂದೆ ‘ವೀರೇಶ, ತೋಟಪ್ಪನ ಮಗ, ಒಪ್ಪಿಗೆ’ ಎಂದು ಮೊದಲ ಹೆಸರು ಕೂಗಿದಾಗ ನೀವು ಎದ್ದು ನಿಂತಿರಿ. “ನನ್ನ ಯಾರು ಕೇಳಿದ್ರು?” ಅಂದಿರಿ. ಅಷ್ಟೇ ಅಂದು ಹೊರಟುಹೋದಿರಿ. ಮಂದಿ ನಕ್ಕರು. ಮಾವ ಕಟ್ಟೆಯ ಮೇಲೆ ಕೈಯಲ್ಲಿ ಎಲೆ ಅಡಿಕೆ ಹಿಡಿದುಕೊಂಡೇ ಕೂತಿದ್ದರು. ಮರುದಿನ ಶಾಲೆಯ ಹೊತ್ತಿಗೆ ಎಲ್ಲರ ಲಾರಿಗಳು ನಿಂತವು, ನಿಮ್ಮವು ಓಡಿದವು. ಅದರ ಮರುದಿನ ಅಂದಾನಪ್ಪ, “ಎಲ್ಲಾರ ಮನಿ ದ್ವಾಸಿ ತೂತು, ತೋಟಪ್ಪನ ಮನ್ಯಾಗ ಹಂಚೇ ತೂತು” ಎಂದು ತನ್ನ ಲಾರಿಯನ್ನೂ ಬಿಟ್ಟ. ವಾರ ಕಳೆಯುವುದರಲ್ಲಿ ರಸ್ತೆ ಮೊದಲಿನಂತೆಯೇ ಆಯಿತು. ನೀವು ಹೊಸಪೇಟೆಯ ಆಫೀಸಿನಲ್ಲೇ ಮಲಗತೊಡಗಿದಿರಿ. ಪರೀಕ್ಷೆ ಮುಗಿದ ಮೇಲೆ ನಾನು ಸ್ಫೂರ್ತಿಯನ್ನು ಕರೆದುಕೊಂಡು ತವರಿಗೆ ಬಂದೆ, ರಜೆಗೆ ಎಂದು ಹೇಳಿ.

ನಿಮ್ಮ ಸಿಟ್ಟು ಲಾರಿಯದಲ್ಲ ಎಂದು ನನಗೆ ಗೊತ್ತು. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ನೀವು ನಿಮ್ಮ ಅವ್ವ ತೀರಿದ ದಿನದ ಮಾತು ಹೇಳಿದ್ದಿರಿ. ಸರದಾರರು ಕೋರ್ಟಿನಲ್ಲಿ ವಾದ ಮಾಡುತ್ತಿದ್ದಾಗ ಹೆಂಡತಿ ತೀರಿಕೊಂಡ ತಂತಿ ಬಂತಂತೆ. ಓದಿ, ಮಡಚಿ ಜೇಬಿಗಿಟ್ಟು, ಹಿಡಿದ ಕೆಲಸ ಮುಗಿಸಿದರಂತೆ. ಹಂಪಮ್ಮನವರ ಸುದ್ದಿ ಬಂದಾಗ ಮಾವನೂ ಯಾರದೋ ಮದುವೆಯ ಗೋಧಿ ಬೀಸುತ್ತಿದ್ದರು. ಗಿರಣಿ ನಿಲ್ಲಿಸಲಿಲ್ಲ. ಚೀಲ ಮುಗಿಸಿಯೇ ಹೊರಗೆ ಬಂದರು. ಊರೆಲ್ಲ ಗಟ್ಟಿ ಮನುಷ್ಯ ಎಂದು ಹೊಗಳಿತು. ಎಂಟನೇ ಇಯತ್ತೆಯ ನೀವು ಗಿರಣಿಯ ಬಾಗಿಲಲ್ಲಿ ಕೂತು ಆ ಸದ್ದು ಕೇಳುತ್ತಿದ್ದಿರಿ. ಹೇಳಿ ಮುಗಿಸಿ, ಇನ್ನೊಮ್ಮೆ ಈ ಮಾತು ತೆಗೆಯಬೇಡ ಅಂದಿದ್ದಿರಿ. ತೆಗೆದಿರಲಿಲ್ಲ, ಮೊನ್ನೆ ಬುಧವಾರದವರೆಗೆ.

ಬುಧವಾರ ಮಾವ ಮೊಮ್ಮಗಳನ್ನು ನೋಡಲೆಂದು ಗೋಧಿ ಹಿಟ್ಟಿನ ಗಂಟು ಹೊತ್ತು ಕಮಲಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದರು. ಊಟಕ್ಕೆ ಕೂತಾಗ, “ಅವಗ ಹೇಳವ್ವ, ಮುಂದಿನ ಶುಕ್ರವಾರ ಸಾಲಿ ಸುರು ಆಗ್ತೈತಿ” ಅಂದರು. ನನಗೆ ಎಲ್ಲಿಂದ ಸಿಟ್ಟು ಬಂತೋ. ಸಾರಿನ ಸೌಟು ಕೆಳಗಿಟ್ಟೆ. ನಾನು ಹೇಳುವುದಿಲ್ಲ ಮಾವ ಅಂದೆ. ನೀವು ಎಲ್ಲರ ಹೊಸ್ತಿಲಿಗೂ ಹೋದಿರಿ, ಕಾಲು ಬಾಯುವ ತನಕ ನಡೆದಿರಿ, ಅಂದಾನಪ್ಪನಂಥವನ ಮುಂದೆಯೂ ವೀಳ್ಯ ಇಟ್ಟಿರಿ. ಪಕ್ಕದ ಕೋಣೆಯಲ್ಲಿದ್ದ ಮಗನ ಮುಂದೆ ಇಡಲಿಲ್ಲ. ಸರದಾರರು ಯಾವುದಾದರೂ ರಾಜನ ಸಹಿಯನ್ನು ತಾವೇ ಹಾಕಿದ್ದುಂಟೇ ಎಂದು ಕೇಳಿದೆ. ಅವ್ವ ಒಳಗಿನಿಂದ ಸುಮ್ಮನಿರೇ ಎಂದು ಸನ್ನೆ ಮಾಡುತ್ತಿದ್ದಳು. ನಾನು ಗಿರಣಿಯ ಬಾಗಿಲಲ್ಲಿ ಕೂತಿದ್ದ ಹುಡುಗನ ಮಾತನ್ನೂ ಆಡಿಯೇಬಿಟ್ಟೆ.

ಮಾವ ಕೈತೊಳೆದುಕೊಂಡರು. ಹೊರಗಿನ ಕಟ್ಟೆಗೆ ಹೋಗಿ ಕೂತರು. ಆಮೇಲೆ, “ನಿಜಾಮಗೂ ಸರದಾರ ಒಂದು ವರ್ಷ ವಾಯಿದೆ ಕೊಟ್ಟಿದ್ದ. ನಾನು ನನ್ನ ಮಗಗ ಒಂದು ಮಾತೂ ಕೊಡ್ಲಿಲ್ಲಲ್ಲ ತಂಗಿ” ಅಂದರು. ಅಂದು ಗಿರಣಿ ಯಾಕೆ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷ ನಿಮ್ಮಿಬ್ಬರ ಮಾತು ಹೊತ್ತಿದ್ದೇನೆ, ಇದೊಂದನ್ನು ಹೊರುವುದಿಲ್ಲ. ಅವರ ಬಾಯಿಂದ ನಿಮ್ಮ ಕಿವಿಗೇ ಹೋಗಬೇಕಾದ ಮಾತು ಅದು.

ನಾಳೆ ಅವರು ವೀಳ್ಯ ಹಿಡಿದು ಬರುತ್ತಾರೆ. ನೀವು ಎತ್ತಿಕೊಳ್ಳದಿದ್ದರೆ ಸಿಟ್ಟಾಗುವುದಿಲ್ಲ ಎಂದಿದ್ದಾರೆ. ಬರುವ ಗುರುವಾರ ಮತ್ತೆ ಗುಡಿಕಟ್ಟೆಗೆ ಎಲ್ಲರನ್ನೂ ಕರೆದಿದ್ದಾರೆ. ನನ್ನ ಮಗನನ್ನು ಕೇಳದೆ ಅವನ ಹೆಸರು ಕೊಟ್ಟದ್ದು ನನ್ನ ತಪ್ಪು ಎಂದು ಅಲ್ಲಿ ಹೇಳಿಯೇ ಹೇಳುತ್ತಾರಂತೆ, ನಿಮ್ಮ ಉತ್ತರ ಹೌದಾದರೂ, ಅಲ್ಲವಾದರೂ. ಅಂದಾನಪ್ಪ ನಗುವುದು ಅವರಿಗೆ ಗೊತ್ತಿದೆ. ಉಳಿದವರು ಯಾರೂ ಬರದೇ ಹೋಗಬಹುದು, ಅದೂ ಗೊತ್ತಿದೆ. ಫೋಟೋದಲ್ಲಿರುವ ಸರದಾರರು ಗಟ್ಟಿ ಮನುಷ್ಯ ಎನ್ನುತ್ತಾರೆ, ಇರಬಹುದು. ಮಗನ ಮುಂದೆ ಬಗ್ಗಲು ಹೊರಟ ಈ ಮುದುಕ ನನ್ನ ಕಣ್ಣಿಗೆ ಅವರಿಗಿಂತ ಏನೂ ಕಡಿಮೆಯಲ್ಲ.

ಒಪ್ಪಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಒಪ್ಪಬೇಡಿ ಎಂದೂ ಹೇಳುತ್ತಿಲ್ಲ.

ಇಂತಿ ನಿಮ್ಮ,
ತ್ರಿವೇಣಿ

ತಾ.ಕ.: ಈ ಪತ್ರವನ್ನು ನಮ್ಮ ಡ್ರೈವರ್ ಗಾದಿಲಿಂಗನ ಕೈಯಲ್ಲಿ ಕೊಟ್ಟು, ಮಾವ ತಿರುಗಿ ಬಸ್ಸು ಹತ್ತಿದ ಮೇಲೆಯೇ ನಿಮಗೆ ಕೊಡು ಎಂದು ಆಣೆ ಹಾಕಿಸಿದ್ದೇನೆ. ಅಂದರೆ ಇದನ್ನು ಓದುವಾಗ ನಿಮ್ಮ ಉತ್ತರ ನೀವು ಕೊಟ್ಟಾಗಿದೆ. ಅದು ಏನೇ ಇರಲಿ, ನಾನು ಬುಧವಾರ ಮನೆಗೆ ಬರುತ್ತೇನೆ.


ಹೊಸಪೇಟೆ
೨೭ ಮೇ ೨೦೦೭, ಭಾನುವಾರ ಸಂಜೆ

ತ್ರಿವೇಣಿಗೆ,

ನನಗೆ ಬರೆದು ರೂಢಿಯಿಲ್ಲ. ಟ್ರಿಪ್ಪಿನ ಚೀಟಿ ಬಿಟ್ಟು ಬೇರೆ ಏನಾದರೂ ಬರೆದು ವರ್ಷಗಳಾದವು. ತಪ್ಪಿದ್ದರೆ ಸ್ಫೂರ್ತಿಯ ಕೈಲಿ ತಿದ್ದಿಸಿ ಓದಿಕೋ. ಗಾದಿಲಿಂಗ ಬೈಕ್ ಮೇಲೆ ಕಾಯುತ್ತಿದ್ದಾನೆ.

ಅಪ್ಪ ಬಂದಿದ್ದರು. ಟೈರ್ ಅಂಗಡಿಯ ಮೇಲಿನ ಈ ಆಫೀಸಿಗೆ ಮೆಟ್ಟಿಲು ಕಡಿದಾಗಿವೆ, ನಿನಗೆ ಗೊತ್ತಲ್ಲ. ಹತ್ತಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಒಳಗೆ ನಾಲ್ಕು ಜನ ಡ್ರೈವರ್‌ಗಳಿದ್ದರು, ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ. ಅಪ್ಪ ನನ್ನ ಮೇಜಿನ ಈಚೆ, ಬಾಡಿಗೆ ಕೇಳಲು ಬರುವ ಗಿರಾಕಿಗಳ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಅದನ್ನು ನೋಡಿ ನನಗೆ ಹೇಗೋ ಆಯಿತು. ಡ್ರೈವರ್‌ಗಳಿಗೆ ಕೆಳಗೆ ಹೋಗಿ ಚಹಾ ಕುಡಿಯಿರಿ ಎಂದೆ. ಅಪ್ಪ, “ಬ್ಯಾಡ, ಇರ್ಲಿ, ಅವತ್ತು ಮಂದಿ ಮುಂದ ಹೆಸರು ಕೊಟ್ಟೀನಿ, ಇವತ್ತು ಮಂದಿ ಮುಂದ ಕೇಳ್ತೀನಿ” ಅಂದರು.

ಮೇಜಿನ ಮೇಲೆ ಎಲೆ ಅಡಿಕೆ ಇಟ್ಟು ಆ ಮೂರು ಮಾತು ಕೇಳಿದರು. ಯಾರನ್ನೋ ಕೇಳಿದ ಹಾಗೆಯೇ ಕೇಳಿದರು. ಆಮೇಲೆ, “ನಿನಗಂತ ನೀನು ಏನು ಇಟ್ಕೋತಿ ಹೇಳು. ಎಲ್ಲಾರಿಗೂ ಕೇಳೀನಿ ಇದನ್ನ” ಅಂದರು.

ಫ್ಯಾನಿನ ಗಾಳಿಗೆ ಎಲೆ ಹಾರದಂತೆ ಅಪ್ಪ ಬೆರಳಿಂದ ಒತ್ತಿ ಹಿಡಿದಿದ್ದರು. ಹಾಗೆ ಹಿಡಿದುಕೊಂಡೇ ಗಿರಣಿಯ ಮಾತು ತೆಗೆದರು. ನೀನು ಬರೆಯದೇ ಬಿಟ್ಟದ್ದು. “ಅವತ್ತು ಗಿರಣಿ ಬಂದ್ ಮಾಡಿದ್ರ ಹೊರಗ ಬಂದು ನಿನಗ ಏನರ ಹೇಳಬೇಕಾಗ್ತಿತ್ತು. ಏನು ಹೇಳಬೇಕಂತ ತಿಳೀಲಿಲ್ಲೋ ವೀರಾ. ಮಂದಿ ಗಟ್ಟಿ ಅಂದ್ರು. ನಾನು ಹೆದರಿ ಒಳಗ ಕುಂತಿದ್ದೆ” ಅಂದರು. ಅವ್ವ ಹೋದ ಮೇಲೆ ನನ್ನನ್ನು ಯಾರೂ ವೀರಾ ಎಂದು ಕರೆದಿರಲಿಲ್ಲ.

ಡ್ರೈವರ್‌ಗಳು ಅಷ್ಟೊತ್ತಿಗೆ ತಾವೇ ಕೆಳಗೆ ಇಳಿದು ಹೋಗಿದ್ದರು. ನಾನು ಅತ್ತೆನೆಂದು ನೀನು ತಿಳಿದುಕೊಂಡರೆ ತಿಳಿದುಕೋ.

ವೀಳ್ಯ ಎತ್ತಿಕೊಂಡೆ. ನನಗೆ ಬೇರೆ ಏನೂ ಬೇಡ, ಕಟ್ಟೆಯ ಮೇಲೆ ನನ್ನ ಹೆಸರು ನಾನೇ ಹೇಳುತ್ತೇನೆ, ಅದೊಂದು ನನಗಿರಲಿ ಎಂದೆ. ಅಪ್ಪ, “ಹಂಗಾರ ಕೊನೀಗೆ ಹೇಳು. ಹೈದ್ರಾಬಾದೂ ತಡಾ ಮಾಡೇ ಸೇರಿದ್ದು” ಅಂದರು. ಅವರಿಗೇ ನಗು ಬಂತು. ನನಗೂ ಬಂತು. ನಾವಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನೋಡಲು ಅಲ್ಲಿ ಯಾರೂ ಇರಲಿಲ್ಲ, ಅದಕ್ಕೇ ನಿನಗೆ ಬರೆದು ತಿಳಿಸುತ್ತಿದ್ದೇನೆ.

ಕರೆಮ್ಮನಿಗೆ ಫೋನ್ ಮಾಡಿದ್ದೆ. ಅಪ್ಪ ಮತ್ತು ಮಗ ಜೋಡಿಯಾಗಿ ಬಂದು ಕಟ್ಟೆ ಹತ್ತುವುದನ್ನು ಕಣ್ಣಾರೆ ನೋಡಿದ ಮೇಲೆ ತನ್ನ ಲಾರಿ ನಿಲ್ಲಿಸುತ್ತೇನೆ ಅಂದಿದ್ದಾಳೆ. ಅಂದಾನಪ್ಪನಿಗೆ ಬೋರ್ಡಿನಲ್ಲಿ ಮೇಲಿನ ಹೆಸರು ಇದ್ದೇ ಇದೆ. ತಾಡಪತ್ರಿಗೆ ಹೇಳಿದ್ದೇನೆ.

ನೀನು ಬುಧವಾರ ಬಾ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ.

ವೀರೇಶ

ತಾ.ಕ.: ಶುಕ್ರವಾರ ಬೆಳಿಗ್ಗೆ ಸ್ಫೂರ್ತಿಯನ್ನು ಶಾಲೆಗೆ ನಡೆಸಿಕೊಂಡು ಹೋಗುವುದು ನಾನೇ ಎಂದೆ. ಅಪ್ಪ ತಾವೂ ಬರುತ್ತೇನೆ ಅಂದರು. ಮಗಳನ್ನು ಶಾಲೆಯಲ್ಲಿ ಬಿಟ್ಟು ತಿರುಗಿ ಬರುವಾಗ ನಾವಿಬ್ಬರೇ ಆಗುತ್ತೇವೆ. ಅಷ್ಟು ದೂರ ಅವರ ಜೊತೆ ಏನು ಮಾತಾಡಬೇಕೋ ನನಗೆ ತಿಳಿಯುತ್ತಿಲ್ಲ, ಅವರಿಗೂ ತಿಳಿಯುವುದಿಲ್ಲ. ಆದರೂ ನೀನು ಮನೆಯಲ್ಲೇ ಇರು, ನಮ್ಮ ಜೊತೆ ಬರಬೇಡ.